ಹಡಗು ನೋಡಾಕ ಹೋದ ದುಂಡಪ್ಪ

ಹೇಳಿದ ಮಾತು ಕೇಳದ ಮಕ್ಕಳು ಎಲ್ಲರ ಮನೆಯಲ್ಲೂ ಇರುತ್ತಾರೆ. ಅಂಥವರ ಕತೆ ನಿಮಗೂ ಗೊತ್ತು. ಇದು ಹೇಳಿದ ಮಾತನ್ನೆಲ್ಲ ಕೇಳಿದ ಮಗನ ಕತೆ.

ಬನಹಟ್ಟಿ ಕಡೆ ಒಂದು ನೇಕಾರರ ಓಣಿ. ಆ ಓಣಿಯಲ್ಲಿ ಅಂಬವ್ವ, ಅಂಬವ್ವನಿಗೆ ಒಬ್ಬನೇ ಮಗ ದುಂಡಪ್ಪ. ಆಳು ಬಾಗಿಲಿನಷ್ಟು ಎತ್ತರ, ತೋಳು ಮಗ್ಗದ ಕಂಬದಷ್ಟು ಗಟ್ಟಿ, ಮನಸ್ಸು ಹಸುಗೂಸಿನದು. ದೇವರು ಬುದ್ಧಿ ಹಂಚುವಾಗ ಇವನಿಗೆ ಯಾರೋ ಸರದಿಯಲ್ಲಿ ನಿಲ್ಲು ಅಂದಿದ್ದರಂತೆ, ಇನ್ನೂ ನಿಂತೇ ಇದ್ದಾನೆ. ಅಂಗಡಿಗೆ ಹೋಗಿ ಬೆಲ್ಲ ಐತೇನು ಕೇಳಿ ಬಾ ಅಂದರೆ, ಹೋಗಿ ಕೇಳಿ ಬರಿಗೈಲಿ ಬಂದು "ಐತಿ ಯವ್ವಾ" ಅನ್ನುವನು. ಮನೆಗೆ ಬಂದವರ ಜೋಡಿ ಎರಡು ಮಾತಾಡು ಅಂದರೆ "ಬರ್ರಿ, ಕುಂಡ್ರರಿ" ಅಂದು ಬಾಯಿಗೆ ಬೀಗ ಹಾಕುವನು. ಅಂಬವ್ವ ಹಣೆ ಹಣೆ ಬಡಿದುಕೊಳ್ಳುವಳು, ಬೈಯುವಳು, ಮತ್ತೊಂದು ಬುದ್ಧಿ ಹೇಳುವಳು. ದುಂಡಪ್ಪ "ಹೂಂ ಯವ್ವಾ" ಅನ್ನುವನು. ಮರುದಿನ ಆ ಬುದ್ಧಿಯಿಂದಲೇ ಇನ್ನೊಂದು ಅನಾಹುತ.

ಆದರೆ ಒಂದು ಗುಟ್ಟಿನ ಮಾತು ಹೇಳುತ್ತೇನೆ ಕೇಳಿ. ಓಣಿಯ ಹೆಂಗಸರು ಸಂಜೆ ಕಟ್ಟೆಗೆ ಕೂತು, ನನ್ನ ಮಗ ಹೆಂಡತಿ ಮಾತು ಕೇಳುತ್ತಾನೆ, ನನ್ನ ಮಗ ಅತ್ತೆಮನೆ ಮಾತು ಕೇಳುತ್ತಾನೆ ಅಂತ ಮೂಗು ಒರೆಸಿಕೊಳ್ಳುವಾಗ ಅಂಬವ್ವ ಸುಮ್ಮನೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನನ್ನವನು ಪೆದ್ದನೇ ಇರಲಿ, ನನ್ನ ಮಾತು ದಾಟಿದವನಲ್ಲ. ಆ ಒಂದು ಸೊಕ್ಕು ಅವಳ ಹೊಟ್ಟೆಯಲ್ಲಿ ಬೆಚ್ಚಗೆ ಕೂತಿತ್ತು.

ಅಂಥ ದುಂಡಪ್ಪನಿಗೂ ಲಗ್ನ ಆಯಿತು. ಹುಡುಗಿ ಮಹಾನಂದಾ, ಸಾಲೆಯಲ್ಲಿ ಡ್ರಾಯಿಂಗ್ ಟೀಚರು. ಅವಳಿಗೆ ಮೊದಲು ಒಂದು ಕಡೆ ನಿಶ್ಚಯವಾಗಿತ್ತು. ಆ ವರ ಬಹಳ ಶಾಣ್ಯಾ, ಹೇಳುವುದೊಂದು ಮಾಡುವುದೊಂದು. ಅದು ಮುರಿದು ಬಿದ್ದ ಮೇಲೆ ಅವಳು, ನನಗೆ ಶಾಣ್ಯಾ ಗಂಡ ಬೇಡವೇ ಬೇಡ, ಹೇಳಿದ್ದನ್ನು ಮಾಡುವವನು ಸಿಕ್ಕರೆ ಸಾಕು ಅಂದಿದ್ದಳು. ಸಿಕ್ಕ.

ಮದುವೆಯ ದಿನ ಹಿರಿಯರೊಬ್ಬರು ಅಕ್ಕಿಕಾಳು ಹಾಕಿ, ಹಿಡಿದ ಕೈ ಬಿಡಬ್ಯಾಡಪ್ಪ ಅಂದರು. ದುಂಡಪ್ಪ ಬಿಡಲಿಲ್ಲ. ಪಂಗ್ತಿಗೆ ಕೂತಾಗಲೂ ಬಿಡಲಿಲ್ಲ. ಎಡಗೈಲಿ ಹೆಂಡತಿಯ ಬಲಗೈ ಹಿಡಿದು ತಾನು ಉಂಡ, ಅವಳು ಉಪವಾಸ ಕೂತಳು. ಬಿಡೋ ಬಿಡೋ ಅಂತ ಅಂಬವ್ವ ಹಿಂದಿನಿಂದ ಎಷ್ಟು ಸಲ ಅಂದರೂ, ಹಿರಿಯರು ಬಿಡಬೇಡ ಅಂದಾರ ಅಂತ ಅವನದು ಒಂದೇ ಹಟ. ಆಗ ಮಹಾನಂದಾ ಮೆಲ್ಲಗೆ, "ಊಟ ಮುಗಿಯೂ ಮಟ ಬಿಡ್ರಿ. ಕೈ ತೊಳಕೊಂಡ ಬಂದ ಮ್ಯಾಲ ಮತ್ತ ಹಿಡೀರಿ" ಅಂದಳು. ದುಂಡಪ್ಪ ಬಿಟ್ಟ. ಕೈ ತೊಳೆದು ಬಂದು ಮತ್ತೆ ಹಿಡಿದ.

ಎಲ್ಲರೂ ನಕ್ಕರು. ಅಂಬವ್ವ ನಗಲಿಲ್ಲ. ಅವಳ ಹೊಟ್ಟೆಯೊಳಗೆ ಬೆಚ್ಚಗೆ ಕೂತಿದ್ದದ್ದು ಆವತ್ತು ಮೊದಲ ಸಲ ಸುಟ್ಟಿತು.

ಬೇಸಿಗೆ ರಜೆ ಬಂತು. ಮಹಾನಂದಾಳಿಗೆ ಚಿತ್ರ ಕಲಿಸಿದ ಮಾಸ್ತರರ ಒಂದು ದೊಡ್ಡ ಚಿತ್ರ, ಪ್ಯಾಟಿಯ ಚಿತ್ರಶಾಲೆಯಲ್ಲಿ ಗೋಡೆ ಏರಿತ್ತು. ಅದನ್ನು ಕಣ್ಣಾರೆ ನೋಡಬೇಕು ಅಂತ ಅವಳಿಗೆ. ದುಂಡಪ್ಪನೋ ಸಮುದ್ರ ಕಂಡವನಲ್ಲ, ಹಡಗು ಕಂಡವನಲ್ಲ. ಘಟ್ಟ ಇಳಿದರೆ ಕಡಲ ದಂಡೆಯಲ್ಲಿ ಒಂದು ಹಳೆಯ ಹಡಗನ್ನೇ ಮರಳ ಮೇಲೆ ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ, ಅದನ್ನು ಅವನಿಗೆ ತೋರಿಸಬೇಕು ಅಂತಲೂ ಆಸೆ. ಅವಳ ಅಪ್ಪ ಕುಪ್ಪಸದ ಖಣದ ವ್ಯಾಪಾರಕ್ಕೆ ಓಡಿಸುತ್ತಿದ್ದ ಹಳೆಯ ಓಮ್ನಿ ಗಾಡಿ ತವರಿನಿಂದ ಬಂದಿತ್ತು. ಓಡಿಸುವುದನ್ನು ಅಪ್ಪನೇ ಕಲಿಸಿದ್ದ. ಎಲ್ಲ ತಯಾರಾಯಿತು.

ಹೊರಡುವ ಮುಂಜಾನೆ ಅಂಬವ್ವ ಹೊಸ್ತಿಲಲ್ಲಿ ಕೂತು, ನಾ ಯಾಕ ಬರಲಿ, ಮುದುಕಿನ್ನ ಬಿಟ್ಟ ಹೋಗ್ರಿ ಅಂದಳು. ಯಾರಾದರೂ ಕರೆಯಲಿ ಅಂತ ಅಂದ ಮಾತು ಅದು. ಇಳಕಲ್ ಸೀರೆ ಉಟ್ಟೇ ಕೂತಿದ್ದಳು, ಮಡಿಲಲ್ಲಿ ಎಲೆ ಅಡಿಕೆ ಸಂಚಿಯೂ ಇತ್ತು. ದುಂಡಪ್ಪ "ಹೂಂ ಯವ್ವಾ" ಅಂದು ಬುತ್ತಿ ಗಂಟು ಬಿಚ್ಚಿ ಅವಳ ಪಾಲಿನ ರೊಟ್ಟಿ ತೆಗೆದು ಪಕ್ಕಕ್ಕೆ ಇಟ್ಟ.

ಅಂಬವ್ವನ ಕಣ್ಣಲ್ಲಿ ನೀರು ಬಂತು. ಮಹಾನಂದಾ ಗಾಡಿಯಿಂದ ಇಳಿದು ಬಂದು, ನೀವು ಬರದಿದ್ದರೆ ನಾವೂ ಹೋಗುವುದಿಲ್ಲ ಅಂತ ಕೈ ಹಿಡಿದು ಎಬ್ಬಿಸಿದಳು. ಅಂಬವ್ವ ಎದ್ದಳು, ಬಂದಳು, ಗಾಡಿಯ ಮುಂದಿನ ಸೀಟಿನಲ್ಲೇ ಕೂತಳು. ಆದರೆ ಮಗ ಕರೆಯಲಿ ಅಂತ ಹಾಕಿದ ಗಾಳಕ್ಕೆ ಸೊಸೆ ಸಿಕ್ಕಿದ್ದಳು. ಅದು ಅವಳಿಗೆ ಇನ್ನಷ್ಟು ಉರಿಯಿತು.

ಹಿಂದಿನ ಸೀಟಿನಲ್ಲಿ ದುಂಡಪ್ಪ, ಅವನ ಪಕ್ಕ ಬುತ್ತಿ ಗಂಟು. ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ರಾತ್ರಿಯೆಲ್ಲ ಕೂತು ಮಾಡಿದ್ದಳು ಅಂಬವ್ವ, ಸೊಸೆಯನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. ಚಾ ಅಂಗಡಿಯ ಮುಂದೆ ಗಾಡಿ ನಿಂತಾಗ, ಗಂಟನ್ನು ಕಟ್ಟೆಯ ಮೇಲಿಟ್ಟು, ಇದರ ಮ್ಯಾಲ ಕಣ್ಣಿಡು ಅಂತ ಮಗನಿಗೆ ಹೇಳಿ ಮುಖ ತೊಳೆಯಲು ಹೋದಳು. ಬಂದು ನೋಡುತ್ತಾಳೆ, ಕಟ್ಟೆ ಬರಿದು. ದುಂಡಪ್ಪ ಕತ್ತು ಹಿಂದಕ್ಕೆ ಬಾಗಿಸಿ ಹುಣಸೆ ಮರ ನೋಡುತ್ತಿದ್ದಾನೆ.

"ಗಂಟ ಎಲ್ಲೋ?"

"ಅಲ್ಲೇ ಐತಿ ಯವ್ವಾ. ಕಣ್ಣ ತಗದಿಲ್ಲ ನಾ. ಮೊದಲ ಒಂದ ಮಂಗ್ಯಾ ಒಯ್ದ. ಈಗ ಮ್ಯಾಲಿನ ಟೊಂಗಿ ಮ್ಯಾಗ ಎಲ್ಲಾರೂ ಕೂಡಿ ಹೋಳಿಗಿ ತಿನ್ನಾಕತ್ಯಾರ."

ಮಹಾನಂದಾ ನಗು ನುಂಗಿಕೊಂಡು ಬಿಸಿ ಮಿರ್ಚಿ ಭಜಿ ತಂದಳು. ಗಂಡ ಗಬಗಬ ತಿಂದ. ತನ್ನ ಹೋಳಿಗೆ ಮಂಗನ ಪಾಲಾಗಿ ಮಗನ ಬಾಯಿಗೆ ಸೊಸೆ ತಂದ ಭಜಿ ಬಿದ್ದದ್ದು ನೋಡಿ ಅಂಬವ್ವನಿಗೆ ತಡೆಯಲಾಗಲಿಲ್ಲ. ಚೆನ್ನಾಗಿ ಬೈದಳು. ಬರೇ ನೋಡತಾರೇನೋ ಮಗನ, ನಮ್ಮದನ್ನ ಎದಿಗೆ ಅವಚಿ ಹಿಡಕೋಬೇಕು, ಯಾರರ ಮುಟ್ಟಾಕ ಬಂದರ ಕಳ್ಳ ಬಂದ ಅಂತ ಊರಿಗೆ ಕೇಳೂವಂಗ ಒದರಬೇಕು ಅಂದಳು.

"ಹೂಂ ಯವ್ವಾ."

ಮಧ್ಯಾಹ್ನದ ಹೊತ್ತಿಗೆ ಚಿತ್ರಶಾಲೆ ಮುಟ್ಟಿದರು. ತಣ್ಣನೆ ಕಲ್ಲಿನ ಕಟ್ಟಡ, ಪಿಸುಮಾತಿನ ಜನ. ಬಾಗಿಲಲ್ಲೇ ಒಬ್ಬ ನೌಕರ ಮೇಜು ಹಾಕಿಕೊಂಡು ಕೂತಿದ್ದ, ಚೀಲಗಳನ್ನು ಅಲ್ಲಿ ಇಟ್ಟು ಒಳಗೆ ಹೋಗಬೇಕು. ದುಂಡಪ್ಪನ ಎದೆಯ ಮೇಲೆ ಅಂಬವ್ವನ ಕೈಚೀಲ ಇತ್ತು. ನೌಕರ ಪಾಪ ನಗುನಗುತ್ತ ಕೈ ಚಾಚಿದ.

"ಕಳ್ಳ ಬಂದ!"

ಆ ಕೂಗಿಗೆ ಕಲ್ಲಿನ ಕಟ್ಟಡ ಮೂರು ಸಲ ಮರುಕೂಗಿತು. ಒಳಗಿನ ಜನ ಹೊರಗೆ ಓಡಿ ಬಂದರು, ಹೊರಗಿನ ಕಾವಲುಗಾರ ಒಳಗೆ ಓಡಿ ಬಂದ. ನೌಕರ ಕೈ ಮೇಲೆತ್ತಿ ಗೋಡೆಗೆ ಆತುಕೊಂಡ. ಅಂಬವ್ವ ಬಿಡೋ, ಕೊಡೋ, ಸುಮ್ಮನಿರೋ ಅಂತ ಒಂದೇ ಉಸಿರಿಗೆ ಮೂರು ಹೇಳಿದಳು. ಯಾವುದನ್ನು ಮೊದಲು ಮಾಡಬೇಕು ತಿಳಿಯದೆ ದುಂಡಪ್ಪ ಇನ್ನೂ ಗಟ್ಟಿ ಅವಚಿ ಹಿಡಿದ.

ಮಹಾನಂದಾ ಅವನ ಎದುರು ನಿಂತಳು. ದನಿ ಏರಿಸಲಿಲ್ಲ. "ಚೀಲಾ ಇವರ ಕೈಯಾಗ ಕೊಡ್ರಿ. ಅವರೊಂದು ಹಿತ್ತಾಳಿ ಬಿಲ್ಲೆ ಕೊಡತಾರ. ಅದನ್ನ ಅಂಗಿ ಕಿಸೆದಾಗ ಹಾಕ್ಕೊಳ್ರಿ. ವಾಪಸ್ ಬರೂವಾಗ ಬಿಲ್ಲೆ ಕೊಟ್ಟು ಚೀಲಾ ತಗೊಳ್ರಿ. ಆತು ಅಷ್ಟ."

ದುಂಡಪ್ಪ ಚೀಲ ಕೊಟ್ಟ. ಬಿಲ್ಲೆ ಇಸಕೊಂಡ. ಕಿಸೆಗೆ ಹಾಕಿಕೊಂಡ. ನೌಕರನಿಗೆ ನಮಸ್ಕಾರ ಕೂಡ ಮಾಡಿದ.

ಅಂಬವ್ವ ಇದನ್ನು ನೋಡುತ್ತ ನಿಂತಳು. ಇಷ್ಟು ವರ್ಷ ತಾನು ಗಂಟಲು ಹರಿದುಕೊಂಡು ಹೇಳಿದ ಒಂದೇ ಒಂದು ಕೆಲಸವೂ ನೆಟ್ಟಗೆ ಆಗಿರಲಿಲ್ಲ. ನಿನ್ನೆ ಮೊನ್ನೆ ಬಂದವಳು ನಾಲ್ಕು ಮಾತು ಹೇಳಿದಳು, ನಾಲ್ಕೂ ನೆಟ್ಟಗೆ ಆದವು. ಹಾಗಾದರೆ ತಪ್ಪು ಮಗನದಲ್ಲವೇ? ಆ ಯೋಚನೆ ಬಂದದ್ದೇ ಅವಳು ಅದನ್ನು ಹೊಸಕಿ ಹಾಕಿದಳು. ಮಗನನ್ನು ಕಂಬದ ಮರೆಗೆ ಕರೆದು, ಇಲ್ಲಿ ಒದರಬ್ಯಾಡ, ಯಾರ ಮೈಮ್ಯಾಗೂ ಹೋಗಬ್ಯಾಡ, ಕೈಕಟಗೊಂಡು ತೋರಿಸಿದ್ದನ್ನ ಸುಮ್ಮ ನೋಡು ಅಂತ ಪಿಸುಗುಟ್ಟಿದಳು.

"ಹೂಂ ಯವ್ವಾ."

ಒಳಗೆ ಸಾಲು ಸಾಲು ಚಿತ್ರ. ರಾಜರು, ಆನೆಗಳು, ಹೊಳೆ ದಂಡೆ, ಸಂತೆ. ಮಹಾನಂದಾ ಒಂದೊಂದರ ಮುಂದೆ ನಿಂತು ಗಂಡನಿಗೆ ಹೇಳುತ್ತ ಹೋದಳು. ಇಲ್ಲಿ ಬೆಳಕು ಎಲ್ಲಿಂದ ಬಂದಿದೆ ನೋಡಿ, ಈ ಎತ್ತಿನ ಕಣ್ಣು ನೋಡಿ ಅಂತ. ಅಂಬವ್ವ ಹಿಂದೆ ಹಿಂದೆ ಬಂದಳು, ಕಿವಿ ಮುಂದೆ ಇಟ್ಟು ಮುಖ ಆಚೆ ತಿರುಗಿಸಿ. ಕೊನೆಗೆ ಮಾಸ್ತರರ ಚಿತ್ರ ಬಂತು. ಗೋಡೆಯ ತುಂಬ ಒಬ್ಬ ಹೆಂಗಸು, ಕಂದೀಲಿನ ಬೆಳಕಲ್ಲಿ ರಾಟಿಯ ಮುಂದೆ ಕೂತು ಮಗ್ಗಕ್ಕೆ ನೂಲು ಸುತ್ತುತ್ತಿದ್ದಾಳೆ. ಅಷ್ಟೇ. ಮಹಾನಂದಾಳ ದನಿ ಸಣ್ಣಗಾಯಿತು.

"ಇದೇ ರೀ. ಕಣ್ಣ ತುಂಬ ನೋಡ್ರಿ."

ದುಂಡಪ್ಪ ಕೈಕಟ್ಟಿ ನಿಂತು ನೋಡಿದ. ರೆಪ್ಪೆ ಬಡಿಯದೆ ನೋಡಿದ. ಕಣ್ಣು ಕೆಂಪಾದವು, ಉರಿದವು, ನೀರು ಒಸರಿತು. ಅವನು ನೋಡುತ್ತಲೇ ಇದ್ದ. ಎರಡೂ ಕಣ್ಣು ತುಂಬಿ ನೀರು ಗಲ್ಲದ ಮೇಲೆ ಇಳಿದಾಗ ನೋಡುವುದನ್ನು ಬಿಟ್ಟ.

ಚಿತ್ರಶಾಲೆಯ ಹಿರಿಯ ಅಧಿಕಾರಿಯೊಬ್ಬರು ಇದನ್ನು ದೂರದಿಂದ ನೋಡಿದ್ದರು. ಹತ್ತಿರ ಬಂದು ಅವನ ಬೆನ್ನ ಮೇಲೆ ಕೈಯಿಟ್ಟರು. ಬಹಳ ಜನ ಬರುತ್ತಾರೆ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಈ ಚಿತ್ರದ ಮುಂದೆ ಹೀಗೆ ಅತ್ತವರನ್ನು ನಾನು ಕಂಡಿಲ್ಲ ಅಂದರು. ಮಹಾನಂದಾಳ ಕಡೆ ತಿರುಗಿ, ಪುಣ್ಯವಂತೆ ನೀವು, ಇಂಥ ಮನಸ್ಸಿನವರು ಸಿಕ್ಕಿದ್ದಾರೆ ಅಂದರು. ಮಹಾನಂದಾ ಗಂಡನ ಮುಖ ನೋಡಿದಳು. ಹೊಸದಾಗಿ ಅವನನ್ನು ಕಂಡವಳ ಹಾಗೆ ನೋಡಿದಳು.

ಇತ್ತ ಅಂಬವ್ವ ಚಿತ್ರದ ಹೆಂಗಸನ್ನು ನೋಡುತ್ತಿದ್ದಳು. ನೂಲು ಸುತ್ತುತ್ತಾಳಂತೆ. ತಾನು ಲಗ್ನವಾಗಿ ಬಂದ ದಿನದಿಂದ ದಿನಾ ಸುತ್ತಿಲ್ಲವೇ? ಗಂಡ ಸತ್ತ ವರ್ಷ ಈ ಮಗನ ಹೊಟ್ಟೆ ತುಂಬಿಸಲು ಕಂದೀಲಿನ ಬೆಳಕಲ್ಲಿ ಬೆರಳು ಒಡೆದುಕೊಂಡು ಸುತ್ತಿಲ್ಲವೇ? ಆಗ ಯಾರು ಬಂದು ಎದುರು ನಿಂತು ನೋಡಿದರು? ಯಾರು ಅತ್ತರು? ಬಣ್ಣ ಬಳಿದ ಹೆಂಗಸಿನ ಮುಂದೆ ತನ್ನ ಮಗ ಕಣ್ಣೀರು ಹಾಕಿದ. ಸೊಸೆಯ ಮೇಲೆ ಇದ್ದ ಹೊಟ್ಟೆಕಿಚ್ಚು ಗೋಡೆಯ ಮೇಲಿನ ಹೆಂಗಸಿನ ಮೇಲೂ ಹತ್ತಿಕೊಂಡಿತು.

ಹೊರಗೆ ಬಂದ ಮೇಲೆ ಮಗನನ್ನು ಒಬ್ಬನೇ ಹಿಡಿದು ಕೇಳಿದಳು. "ಯಾಕ ಅತ್ತಿ ಯಪ್ಪಾ? ಅಕಿನ್ನ ನೋಡಿ ಏನ ನೆನಪಾತು?"

"ಏನೂ ಇಲ್ಲ ಯವ್ವಾ. ಕಣ್ಣ ತುಂಬ ನೋಡು ಅಂದ್ಲು. ತುಂಬೂ ಮಟ ನೋಡಿದೆ."

ಅಂಬವ್ವನಿಗೆ ಹೋದ ಜೀವ ಬಂದ ಹಾಗಾಯಿತು. ಗಾಡಿ ಊರು ದಾಟುವವರೆಗೂ ಆ ಮಾತನ್ನು ಬಾಯಲ್ಲಿ ಅಡಿಕೆಯ ಹಾಗೆ ಇಟ್ಟುಕೊಂಡು ಚೀಪಿದಳು. ಮಹಾನಂದಾ ಗಾಡಿ ಓಡಿಸುತ್ತ ತನ್ನಷ್ಟಕ್ಕೆ ಹಾಡು ಗುನುಗುತ್ತಿದ್ದಳು. ಅದನ್ನು ಕೇಳಿ ಕೇಳಿ ಸಾಕಾಗಿ ಅಂಬವ್ವ ಹೇಳಿಯೇಬಿಟ್ಟಳು. ಅಳು ಅಲ್ಲ ತಂಗಿ ಅದು, ರೆಪ್ಪೆ ಬಡಿಯದೆ ನಿಂತರೆ ಕತ್ತೆಗೂ ಕಣ್ಣಲ್ಲಿ ನೀರು ಬರುತ್ತದೆ ಅಂತ. ಮಹಾನಂದಾಳ ಹಾಡು ನಿಂತಿತು. ಸ್ವಲ್ಪ ದೂರ ಹೋದ ಮೇಲೆ ಅವಳಿಗೆ ನಗು ಬಂತು. "ಇರಲಿ ಬಿಡ್ರಿ ಅತ್ತಿ. ನಾ ಹೇಳಿದ್ನಲ್ಲಾ, ಅದಕ್ಕ ಕಣ್ಣ ಉರದರೂ ಬಿಡಲಿಲ್ಲ ಅವರು." ಮತ್ತೆ ಹಾಡು ಸುರುವಾಯಿತು.

ಎಸೆದ ಕಲ್ಲು ತಿರುಗಿ ಬಂದು ತನ್ನ ಕಾಲಿಗೇ ಬಿದ್ದ ಹಾಗಾಯಿತು ಅಂಬವ್ವನಿಗೆ.

ಅಂದು ಘಟ್ಟದ ಮೇಲಿನ ಊರಲ್ಲಿ ಮಹಾನಂದಾಳ ಗೆಳತಿಯ ಮನೆಯಲ್ಲಿ ಉಳಿದರು. ಬೆಳಿಗ್ಗೆ ಸೊಸೆ ಗಾಡಿಯ ಗಾಜು ಒರೆಸುತ್ತಿದ್ದಾಗ ಅಂಬವ್ವ ಮಗನನ್ನು ಹಿತ್ತಿಲಿಗೆ ಕರೆದಳು. ಅಕಿ ಹೇಳಿದ್ದಕ್ಕೆಲ್ಲ ಹಂಗ ಕುಣೀಬ್ಯಾಡ, ಅಕಿ ಮಾತು ಈ ಕಿವಿಲೆ ಕೇಳಿ ಆ ಕಿವಿಲೆ ಬಿಟ್ಟಬಿಡು, ನಾ ಹಡದಾಕಿ ಇನ್ನೂ ಬದುಕೇನಿ ಅಂದಳು. ಇದು ಒಳ್ಳೆಯ ಮಾತಲ್ಲ ಅಂತ ಅವಳಿಗೂ ಗೊತ್ತಿತ್ತು.

"ಹೂಂ ಯವ್ವಾ."

ಘಟ್ಟದ ತಿರುವಿನಲ್ಲಿ ಒಂದು ಕಡೆ ಕಣಿವೆ ತೆರೆದುಕೊಂಡು ದೂರದಲ್ಲಿ ಕಡಲು ನೀಲಿ ಗೆರೆಯಂತೆ ಕಂಡಿತು. ಗಾಡಿ ಆ ಜಾಗ ದಾಟಿ ಬಂದಿತ್ತು. ಸ್ವಲ್ಪ ಹಿಂದೆ ತೆಗೆದುಕೊಂಡು ತೋರಿಸುತ್ತೇನೆ ಅಂದಳು ಮಹಾನಂದಾ. ಗಂಡನನ್ನು ಇಳಿಸಿ, ಗಾಡಿಯ ಹಿಂದೆ ಪಕ್ಕಕ್ಕೆ ನಿಂದ್ರರಿ, ಗಾಲಿ ರಸ್ತೆ ಬಿಡೂವಂಗ ಕಂಡರೆ ತಡಿ ಅನ್ರಿ ಅಂತ ಹೇಳಿದಳು. ದುಂಡಪ್ಪ ಬಲಗಿವಿ ಅವಳ ಕಡೆ ಕೊಟ್ಟು ಪೂರ್ತಿ ಕೇಳಿದ. ಆಮೇಲೆ ತಲೆ ಎಡಕ್ಕೆ ವಾಲಿಸಿ, ಈಜಿ ಬಂದವನು ಕಿವಿಯ ನೀರು ತೆಗೆಯುವ ಹಾಗೆ ಅಂಗೈಯಿಂದ ಎರಡು ಸಲ ತಟ್ಟಿ, ಕೇಳಿದ್ದನ್ನೆಲ್ಲ ಹೊರಗೆ ಚೆಲ್ಲಿದ.

ಗಾಡಿ ಹಿಂದೆ ಸರಿಯಿತು. ಇನ್ನೂ ಸರಿಯಿತು. ದುಂಡಪ್ಪ ನೋಡುತ್ತ ನಿಂತ. ಒಂದು ಹಿಂದಿನ ಗಾಲಿ ರಸ್ತೆ ಬಿಟ್ಟು ಕೆಳಗೆ ಕೂತಿತು, ಗಾಡಿ ವಾಲಿತು. ಕಿಟಕಿಯಲ್ಲಿ ಅಂಬವ್ವನಿಗೆ ರಸ್ತೆ ಮಾಯವಾಗಿ ಬರೀ ಮರದ ತುದಿಗಳು ಕಂಡವು. ಮಹಾನಂದಾ ಬ್ರೇಕು ಒತ್ತಿ ಹಿಡಿದಳು.

"ರೀ, ಹಿಂದಿನ ಬಂಪರ್ ಹಿಡದ ಎತ್ತರಿ" ಅಂತ ಕೂಗಿದಳು.

ದುಂಡಪ್ಪ ಕೇಳಿದ. ತಲೆ ವಾಲಿಸಿದ. ಕಿವಿ ತಟ್ಟಿಕೊಂಡ.

"ರೀ!"

ಮತ್ತೆ ಕಿವಿ ತಟ್ಟಿಕೊಂಡ. ಅಂಬವ್ವನಿಗೆ ಎಲ್ಲ ತಿಳಿಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದಳು, "ಅಕಿ ಹೇಳಿದಂಗ ಮಾಡೋ ಯಪ್ಪಾ. ನಾ ಹೇಳತೇನಿ, ಅಕಿ ಹೇಳಿದಂಗ ಮಾಡು."

"ಹೂಂ ಯವ್ವಾ" ಅಂದ ದುಂಡಪ್ಪ, ಗಾಡಿಯನ್ನು ಅರಳೆ ಮೂಟೆಯ ಹಾಗೆ ಎತ್ತಿ ರಸ್ತೆಯ ಮೇಲೆ ಇಟ್ಟ.

ಮಹಾನಂದಾ ಇಳಿದು ಬಂದಳು. ಯಾಕೆ ಹಾಗೆ ಕಿವಿ ತಟ್ಟಿಕೊಂಡಿರಿ ಅಂತ ಕೇಳಿದಳು. ದುಂಡಪ್ಪನಿಗೆ ಮುಚ್ಚಿಡುವುದು ಗೊತ್ತಿಲ್ಲ. ಯವ್ವ ಹಿತ್ತಿಲಲ್ಲಿ ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸಿದ, ಹಡದಾಕಿ ಬದುಕೇನಿ ಅನ್ನುವವರೆಗೂ. ಮಹಾನಂದಾ ಅತ್ತೆಯ ಮುಖ ನೋಡಲಿಲ್ಲ. "ಇನ್ನ ನಾ ಇವರಿಗೆ ಏನೂ ಹೇಳಂಗಿಲ್ಲ ಬಿಡ್ರಿ ಅತ್ತಿ. ನೀವ ಹೇಳ್ರಿ" ಅಂದು ಗಾಡಿ ಹತ್ತಿದಳು. ಹಾಡಿಲ್ಲ, ಮಾತಿಲ್ಲ, ಘಟ್ಟ ಇಳಿದದ್ದೇ ತಿಳಿಯಲಿಲ್ಲ.

ಕೆಳಗೆ ಚಾ ಕುಡಿಯಲು ನಿಂತಾಗ ಅಂಬವ್ವ ಮಗನನ್ನು ತರಾಟೆಗೆ ತೆಗೆದುಕೊಂಡಳು. ತಾಯಿ ಗುಟ್ಟಾಗಿ ಹೇಳಿದ್ದನ್ನ ಯಾರರ ಒದರತಾರೇನು? ನಾ ಹೇಳಿದ್ದು, ನಾ ಕೊಟ್ಟಿದ್ದು ಎಲ್ಲಾ ಹೊಟ್ಟ್ಯಾಗ ಇಟ್ಟುಕೋಬೇಕು, ಯಾರು ಕೇಳಿದರೂ ಹೊರಗ ತಗೀಬಾರದು ಅಂದಳು.

"ಹೂಂ ಯವ್ವಾ."

ಕಡಲು ಬಂತು. ಮರಳ ಮೇಲೆ ಹಡಗು ನಿಂತಿತ್ತು, ಓಣಿಗಿಂತ ಉದ್ದ, ಬೂದು ಬಣ್ಣದ್ದು, ಮೂತಿ ಸಮುದ್ರದ ಕಡೆಗೇ. ಮಹಾನಂದಾ ಮೂರು ಟಿಕೆಟು ತಂದು ಎರಡನ್ನು ಅತ್ತೆಯ ಕೈಗಿತ್ತು, ನಿಮ್ಮ ಮಗನ್ನ ನೀವ ಕರಕೊಂಡ ಬರ್ರಿ ಅಂದು ಒಬ್ಬಳೇ ಏಣಿ ಹತ್ತಿ ಹೋದಳು. ಅಂಬವ್ವ ಸೀರೆಯ ನಿರಿಗೆ ಎತ್ತಿ ಕಟ್ಟುವಾಗ ಟಿಕೆಟುಗಳನ್ನು ಮಗನಿಗೆ ಕೊಟ್ಟಳು, ಇ‍ಟ್ಟುಕೊ ಅಂದಳು. ದುಂಡಪ್ಪ ಇಟ್ಟುಕೊಂಡ. ಎಲ್ಲಿ ಇಟ್ಟುಕೊಳ್ಳಬೇಕು ಅಂತ ಯವ್ವ ಆಗಲೇ ಹೇಳಿದ್ದಳಲ್ಲ.

ಏಣಿಯ ಬುಡದಲ್ಲಿ ಟಿಕೆಟು ನೋಡಲು ನಿಂತವನು ಕಡಲ ಕಡೆಯ ಮನುಷ್ಯ. "ಟಿಕೆಟ್ ಎಲ್ಲಿ ಮಾರಾಯ್ರೆ?" ಅಂದ. ದುಂಡಪ್ಪ ಬಾಯಿ ಮುಚ್ಚಿ ಹೊಟ್ಟೆ ತೋರಿಸಿದ. ತಮಾಷೆ ಮಾಡಬೇಡಿ ಅಂದ ಅವನು. ದುಂಡಪ್ಪ ಮತ್ತೆ ಹೊಟ್ಟೆ ತೋರಿಸಿದ, ಒಂದು ಸಣ್ಣ ತೇಗು ಬಂತು. ಅಂಬವ್ವ ಅವನ ದವಡೆ ಹಿಡಿದು ಬಾಯಿ ತೆರೆಸಿ ನೋಡಿದರೆ ನಾಲಿಗೆಯೆಲ್ಲ ಟಿಕೆಟಿನ ಗುಲಾಬಿ ಬಣ್ಣ. ಹಿಂದೆ ಸಾಲಿನಲ್ಲಿ ನಿಂತವರು ಬಿದ್ದು ಬಿದ್ದು ನಕ್ಕರು. ಮತ್ತೆ ಟಿಕೆಟು ತೆಗೆಸಿ ಒಳಗೆ ಬಂದ ಮೇಲೆ ಅಂಬವ್ವ ಅಳುವ ದನಿಯಲ್ಲಿ ಹೇಳಿದಳು, ಹೇಳಿದ್ದನ್ನ ಹೊಟ್ಟ್ಯಾಗ ಹಾಕ್ಕೊಂಡ ಕುಂಡ್ರಬ್ಯಾಡೋ ಮಾರಾಯಾ, ಏನ ಹೇಳಿದರೂ ನಿಂತ ಕಾಲ ಮ್ಯಾಗ ಕೈಲೆ ಮಾಡಿ ತೋರಿಸು.

"ಹೂಂ ಯವ್ವಾ."

ಈಗ ಮಗ ಪೂರ್ತಿ ಅವಳವನು. ನಡುವೆ ಯಾರೂ ಇಲ್ಲ. ಇದನ್ನೇ ಅಲ್ಲವೇ ಅವಳು ಬೇಡಿದ್ದು. ಇಬ್ಬರೂ ಕಬ್ಬಿಣದ ಇಕ್ಕಟ್ಟು ಓಣಿಗಳಲ್ಲಿ ತಲೆ ಬಗ್ಗಿಸಿ ನಡೆದರು. ಗಾಜಿನ ಪೆಟ್ಟಿಗೆಯಲ್ಲಿ ಸಣ್ಣ ಸಣ್ಣ ಹಾಯಿ ದೋಣಿಗಳು ಇದ್ದವು. ಗಡಿಯಾರದ ಹಾಗೆ ಕಂಡೂ ಗಡಿಯಾರವಲ್ಲದ ಒಂದು ಹಿತ್ತಾಳೆಯ ತಟ್ಟೆ ಇತ್ತು, ಅದರೊಳಗೆ ಒಂದು ಮುಳ್ಳು ನಡುಗುತ್ತಿತ್ತು. ಇದು ಏನು, ಯಾಕೆ ನಡುಗುತ್ತದೆ? ಬೋರ್ಡಿನ ಮೇಲೆ ಬರೆದಿತ್ತು, ಅಂಬವ್ವನಿಗೆ ಓದಲು ಬಾರದು. ದುಂಡಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಹಿಂದಿನವರು ತಳ್ಳಿಕೊಂಡು ಬಂದರು. ಒಂದು ಕೋಣೆಯಲ್ಲಿ ಮೇಣದ ಕ್ಯಾಪ್ಟನ್ ಟೊಪ್ಪಿಗೆ ಹಾಕಿ ಕುರ್ಚಿಯಲ್ಲಿ ಕೂತಿದ್ದ. ದೊಡ್ಡವರಿಗೆ ನಮಸ್ಕಾರ ಮಾಡಬೇಕು ಅಂತ ಕಲಿಸಿದವಳು ಅಂಬವ್ವನೇ. ದುಂಡಪ್ಪ ಕೈಮುಗಿದ. ಕ್ಯಾಪ್ಟನ್ ತಿರುಗಿ ಕೈಮುಗಿಯಲಿ ಅಂತ ಕಾಯುತ್ತ ನಿಂತ. ಎಳೆದರೂ ಬರಲಿಲ್ಲ.

ಸೊಸೆ ಇದ್ದಿದ್ದರೆ ಈ ನಡುಗುವ ಮುಳ್ಳಿನದು ಏನು ಕತೆ ಅಂತ ಹೇಳುತ್ತಿದ್ದಳು. ಇವನಿಗೂ ಏನೋ ಒಂದು ಹೇಳಿ ಇಲ್ಲಿಂದ ಕದಲಿಸುತ್ತಿದ್ದಳು. ಅಂಬವ್ವನಿಗೆ ತನ್ನ ಮೇಲೇ ಸಿಟ್ಟು ಬಂತು. ಹೊಟ್ಟೆಕಿಚ್ಚಿನವಳಿಗೆ ಬೇಡಿದ್ದು ಸಿಕ್ಕರೂ ಸುಖವಿಲ್ಲ ನೋಡಿ.

ಹೇಗೋ ಮಗನನ್ನು ಎಳೆದುಕೊಂಡು ಮೇಲಿನ ಅಟ್ಟಕ್ಕೆ ಬಂದಳು. ದಪ್ಪ ಹಗ್ಗದ ಸುರುಳಿಯೊಂದರ ಮೇಲೆ ಕುಸಿದು ಕೂತಳು. ದೂರದಲ್ಲಿ, ಹಡಗಿನ ಮೂತಿಯ ಹತ್ತಿರ, ಮಹಾನಂದಾ ಕಂಬಿ ಹಿಡಿದು ಒಬ್ಬಳೇ ಸಮುದ್ರ ನೋಡುತ್ತ ನಿಂತಿದ್ದಳು. ಗಂಡನಿಗೆ ತೋರಿಸಬೇಕು ಅಂತ ಇಷ್ಟು ದೂರ ಗಾಡಿ ಓಡಿಸಿಕೊಂಡು ಬಂದವಳು.

"ಯಪ್ಪಾ ದುಂಡಪ್ಪ, ಸಾಕಾತು ನನಗ" ಅಂದಳು. "ಅಕಿ ನಿನಗ, ನೀ ಅಕಿಗೆ. ನಡುವ ನಾ ಯಾಕ ಮುಳ್ಳಾಗಲಿ? ನನ್ನನ್ನ ಒಂದ ದಂಡಿ ಮುಟ್ಟಸಿಬಿಡು, ನಿನಗ ಪುಣ್ಯ ಬರತೈತಿ."

ಏನು ಹೇಳಿದರೂ ನಿಂತ ಕಾಲ ಮೇಲೆ ಕೈಲೆ ಮಾಡಿ ತೋರಿಸಬೇಕು.

"ಹೂಂ ಯವ್ವಾ" ಅಂದ ದುಂಡಪ್ಪ ತಾಯಿಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡ. ಅವಳು ಬೆನ್ನ ಮೇಲೆ ಗುದ್ದಿದಳು, ಬಿಡೋ ಅಂದಳು, ಅದು ದಂಡೆಗೆ ಬಿಡು ಅಂತಲೇ ಅವನಿಗೆ ಕೇಳಿಸಿತು. ಮೇಣದ ಕ್ಯಾಪ್ಟನ್‌ನನ್ನು ದಾಟಿ, ಗಾಜಿನ ದೋಣಿಗಳನ್ನು ದಾಟಿ, ಟಿಕೆಟಿನವನನ್ನು ದಾಟಿ ಏಣಿ ಇಳಿದ. ಜನ ಹಾದಿ ಬಿಟ್ಟರು. ಅಜ್ಜಿಗೆ ಏನೋ ಆಗಿದೆ ಅಂತ ಒಬ್ಬರು ನೀರು ಹಿಡಿದುಕೊಂಡು ಹಿಂದೆ ಓಡಿದರು. ಬಿಸಿ ಮರಳು ತುಳಿದು, ತೆರೆ ಬಂದು ನೆಕ್ಕಿ ಹೋಗುವ ಗೆರೆಯ ತನಕ ಹೋಗಿ, ತಾಯಿಯನ್ನು ಮೆಲ್ಲಗೆ ಇಳಿಸಿ, ಅವಳ ಅಂಗೈ ಹಿಡಿದು ಹಸಿ ಮರಳಿಗೆ ಒತ್ತಿದ.

"ಮುಟ್ಟಸಿದೆ ಯವ್ವಾ."

ಅಷ್ಟರಲ್ಲಿ ಒಂದು ತೆರೆ ಬಂದು ಅಂಬವ್ವನ ತಲೆಯ ಮೇಲಿನಿಂದಲೇ ಹೋಯಿತು. ಇಳಕಲ್ ಸೀರೆ, ಸಂಚಿ, ಕುಂಕುಮವಿಲ್ಲದ ಹಣೆ, ಬಾಯಲ್ಲಿದ್ದ ಬೈಗುಳ, ಎಲ್ಲ ತೊಯ್ದವು. ಉಪ್ಪು ನೀರು ಉಗುಳಿ ಕಣ್ಣು ಬಿಟ್ಟರೆ ಮಹಾನಂದಾ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದಳು. ಬಂದವಳೇ ಅತ್ತೆಯ ಪಕ್ಕ ಕೂತು ಸೆರಗಿನಿಂದ ಅವಳ ಮುಖ ಒರೆಸಿದಳು. ಪೆಟ್ಟಾಯಿತೇ, ನೀರು ಕುಡಿದಿರಾ, ಅಂತ ಮತ್ತೆ ಮತ್ತೆ ಕೇಳಿದಳು. ಬೈಯಲಿಲ್ಲ, ನಗಲೂ ಇಲ್ಲ.

ಅಂಬವ್ವ ಆ ಕೈ ಹಿಡಿದುಕೊಂಡಳು. ಆಮೇಲೆ ಸೊಸೆಯ ಮುಖ ನೋಡದೆ ಸಮುದ್ರಕ್ಕೆ ಹೇಳುವ ಹಾಗೆ ಹೇಳಿದಳು, "ನನ್ನ ಮಾತ ಕೇಳಾಂವ ಅವನೊಬ್ಬನೇ ಇದ್ದ ತಂಗಿ. ಅವನೂ ನಿನ್ನ ಮಾತ ಛಲೋ ಕೇಳಾಕತ್ತಿದ. ಅದಕ್ಕ ಹೊಟ್ಟಿ ಉರೀತು."

"ನನಗೂ ಉರೀತೈತಿ ಅತ್ತಿ" ಅಂದಳು ಮಹಾನಂದಾ. "ನಾ ಎಷ್ಟ ತಿಳಿಸಿ ಹೇಳಿದರೂ ನೀವ ಒಂದ ಮಾತಂದ್ರ ಅದನ್ನ ಬಿಟ್ಟಬಿಡತಾರ. ಘಟ್ಟದಾಗ ಗಾಡಿ ಎತ್ತಿದ್ದು ನನ್ನ ಮಾತಿಗೇನು?"

ಅಂಬವ್ವ ಈಗ ತಿರುಗಿ ನೋಡಿದಳು. ಇವಳಿಗೂ ತನ್ನ ಮೇಲೆ ಹೊಟ್ಟೆಕಿಚ್ಚೇ? ಅದೆಂಥ ಸಮಾಧಾನವಾಯಿತು ಅಂತೀರಿ ಅವಳಿಗೆ. ಮಗನನ್ನು ಹತ್ತಿರ ಕರೆದಳು. ಸೊಸೆಯ ಹೆಗಲ ಮೇಲೆ ಕೈ ಹಾಕಿ, ಓಣಿಯ ಹಿರಿಯಳ ಗತ್ತಿನಲ್ಲಿ ಕೊನೆಯ ಬುದ್ಧಿ ಹೇಳಿದಳು.

"ಯಪ್ಪಾ, ಇನ್ನ ಮ್ಯಾಲ ಭೇದ ಮಾಡಬ್ಯಾಡ. ನನಗೊಂದು ಅಕಿಗೊಂದು ಬ್ಯಾಡ. ಇಬ್ಬರನ್ನೂ ಒಂದ ಸಮ ಮಾಡು."

ದುಂಡಪ್ಪ ತಾಯಿಯನ್ನು ನೋಡಿದ. ತಲೆಯಿಂದ ಕಾಲಿನವರೆಗೆ ಹಸಿ. ಹೆಂಡತಿಯನ್ನು ನೋಡಿದ. ಒಣಗಿದ್ದಾಳೆ. ಭೇದ ಇದೆ.

"ಹೂಂ ಯವ್ವಾ" ಅಂದ.

ಮಹಾನಂದಾ ಬ್ಯಾಡ ರೀ ಅನ್ನುವಷ್ಟರಲ್ಲಿ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಸಮುದ್ರಕ್ಕೆ ಇಳಿದಾಗಿತ್ತು. ಮೊಳಕಾಲು ದಾಟಿದ, ತೊಡೆ ದಾಟಿದ, ಒಂದು ದೊಡ್ಡ ತೆರೆ ಬರುವುದನ್ನೇ ಕಾದು ನಿಂತು ಅದರೊಳಗೆ ಅವಳನ್ನು ಅದ್ದಿ ತೆಗೆದ. ಮಹಾನಂದಾ ಮೂಗಿನಲ್ಲಿ ನೀರು ಹೋಗಿ ಕೆಮ್ಮುತ್ತ, ಕೆಮ್ಮಿನ ನಡುವೆ ನಗುತ್ತ, ಗಂಡನ ಕೊರಳು ಬಿಗಿಯಾಗಿ ಅಪ್ಪಿಕೊಂಡಳು.

ದಂಡೆಯಲ್ಲಿ ಕೂತ ಅಂಬವ್ವನೂ ನಗುತ್ತಿದ್ದಳು. ಆದರೆ ನಗುನಗುತ್ತಲೇ ಅವಳ ಕಣ್ಣು ಅಳತೆ ಹಾಕಿತು. ತನ್ನನ್ನು ಮರಳ ಮೇಲೇ ಕೂರಿಸಿದ, ಅವಳನ್ನು ಅಷ್ಟು ಒಳಗೆ ಹೊತ್ತುಕೊಂಡು ಹೋದ. ತನ್ನನ್ನು ಮೂಟೆಯ ಹಾಗೆ ಹೆಗಲ ಮೇಲೆ ಹಾಕಿಕೊಂಡ, ಅವಳನ್ನು ಎದೆಗೆ ಅವಚಿಕೊಂಡ. ಬಾಯಿ ತಡೆಯಲಿಲ್ಲ.

"ಅಕಿಗೆ ನನಗಿಂತ ಜಾಸ್ತಿ ಆತಲ್ಲೋ ಮಗನ!"

ದುಂಡಪ್ಪ ನೀರಿನಲ್ಲಿ ನಿಂತು ಲೆಕ್ಕ ಹಾಕಿದ. ಹೌದು, ಜಾಸ್ತಿ ಆಗಿದೆ. ಹೆಂಡತಿಯನ್ನು ಕಾಲ ಮೇಲೆ ನಿಲ್ಲಿಸಿ, ಎರಡೂ ಕೈ ಮುಂದೆ ಚಾಚಿಕೊಂಡು ತಾಯಿಯ ಕಡೆಗೆ ನಡೆಯತೊಡಗಿದ. ಅಂಬವ್ವ ಎದ್ದಳು, ತಿರುಗಿದಳು, ಓಡಿದಳು. ಆದರೆ ನೀರು ಕುಡಿದ ಇಳಕಲ್ ಸೀರೆ ಉಟ್ಟುಕೊಂಡು ಮರಳಿನಲ್ಲಿ ಎಷ್ಟು ದೂರ ಓಡಲಾದೀತು, ನೀವೇ ಹೇಳಿ.